ಗ್ಯಾಂಬಿಯಾ 1994: ಆರೋಪವನ್ನೇ ಹೇಳದೆ ಜೈಲಿಗೆ ಹಾಕಿದ ಸೇನಾಧಿಕಾರಿಗಳ ಬಗ್ಗೆ

ನೀಲಿಶಾಯಿ:

ಗ್ಯಾಂಬಿಯಾದ ಸತ್ಯಶೋಧನಾ ಆಯೋಗದ ಮುಂದೆ ಬಂದ ಸಾಕ್ಷ್ಯಗಳನ್ನು ಓದುತ್ತಿದ್ದೇನೆ. ಆಯೋಗ 2019ರ ಜನವರಿಯಲ್ಲಿ ವಿಚಾರಣೆ ಶುರು ಮಾಡಿ 2021ರ ಮೇ ತನಕ ನಡೆಸಿತು. 393 ಜನ ಸಾಕ್ಷಿ ಹೇಳಿದರು. ಯಾಹ್ಯಾ ಜಾಮೆ ಆಳಿದ 22 ವರ್ಷಗಳ ಕೊಲೆ, ಚಿತ್ರಹಿಂಸೆ, ನಾಪತ್ತೆಗಳ ಬಗ್ಗೆ ತುಂಬಾ ಚರ್ಚೆ ಆಗಿದೆ. ಆಗಲೇಬೇಕು. ಆದರೆ ಅದೆಲ್ಲಕ್ಕೂ ಮೊದಲು ನಡೆದ ಒಂದು ವಿಷಯಕ್ಕೆ ಅಷ್ಟು ಗಮನ ಸಿಕ್ಕಿಲ್ಲ ಅನ್ನಿಸುತ್ತಿದೆ. ಅದಕ್ಕೇ ಈ ಚರ್ಚೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಗ್ಯಾಂಬಿಯಾ ಪಶ್ಚಿಮ ಆಫ್ರಿಕಾದ ಪುಟ್ಟ ದೇಶ. ನದಿಯ ಎರಡೂ ದಡಕ್ಕೆ ಅಂಟಿಕೊಂಡ ಒಂದು ಪಟ್ಟಿ, ಮೂರು ಕಡೆ ಸೆನೆಗಲ್. 1965ರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ದಾವ್ಡಾ ಜವಾರಾ ಅಧಿಕಾರದಲ್ಲಿದ್ದರು. 1994ರ ಜುಲೈ 22ರಂದು ನಾಲ್ಕೈದು ಕಿರಿಯ ಅಧಿಕಾರಿಗಳು ಸರ್ಕಾರವನ್ನು ಬೀಳಿಸಿದರು. ಮುಂದಾಳು ಲೆಫ್ಟಿನೆಂಟ್ ಜಾಮೆ. ಆಗ ಅವನಿಗೆ 29 ವರ್ಷ. ಜೊತೆಗೆ ಸನಾ ಸಬಾಲಿ, ಸಾದಿಬು ಹೈದರಾ, ಎಡ್ವರ್ಡ್ ಸಿಂಘಾತೆ. ಇವರೂ ಲೆಫ್ಟಿನೆಂಟ್ ದರ್ಜೆಯವರೇ. ಬಂದರಿನಲ್ಲಿ ಅಮೆರಿಕದ ಯುದ್ಧನೌಕೆಯೊಂದು ನಿಂತಿತ್ತು, ಜವಾರಾ ಅದನ್ನು ಹತ್ತಿ ಪಾರಾದರು. ದಿನ ಮುಗಿಯುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ರಕ್ತ ಹರಿಯದ ಕ್ರಾಂತಿ ಅಂತ ಹೊರಗಿನ ಪತ್ರಿಕೆಗಳು ಬರೆದವು.

ಆ ಮಾತಿನ ಹತ್ತಿರವೇ ನಾನು ನಿಂತಿರುವುದು. ರಕ್ತ ಹರಿಯಲಿಲ್ಲ, ನಿಜ. ಆದರೆ ಆ ದಿನಗಳಲ್ಲೇ ಹಲವು ಹಿರಿಯ ಸೇನಾಧಿಕಾರಿಗಳನ್ನೂ ಪೊಲೀಸ್ ಅಧಿಕಾರಿಗಳನ್ನೂ ಹಿಡಿದು ರಾಜಧಾನಿ ಬಂಜುಲ್‌ನ ಅಂಚಿನಲ್ಲಿರುವ ಮೈಲ್ ಟು ಜೈಲಿಗೆ ಹಾಕಿದರು. ಏನು ತಪ್ಪು ಮಾಡಿದ್ದೀರಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಆರೋಪಪಟ್ಟಿ ಇಲ್ಲ, ಕೋರ್ಟ್ ಮಾರ್ಷಲ್ ಇಲ್ಲ, ಬಿಡುಗಡೆಯ ದಿನಾಂಕ ಇಲ್ಲ. ಸರ್ಕಾರ ಬಿದ್ದ ದಿನ ಅವರಲ್ಲಿ ಎಷ್ಟೋ ಜನ ಸುಮ್ನೆ ತಮ್ಮ ಡ್ಯೂಟಿಯಲ್ಲಿ ಇದ್ದವರು. ಅದೇ ಅವರಿಗೆ ಮುಳುವಾಯಿತು.

ನನ್ನ ಪ್ರಶ್ನೆ ಇದು. ಸೇನೆ ಅಧಿಕಾರ ಹಿಡಿದಾಗ ರಾಜಕಾರಣಿಗಳ ಬಂಧನ ಸುದ್ದಿ ಆಗುತ್ತದೆ, ಪತ್ರಕರ್ತರ ಬಂಧನ ಸುದ್ದಿ ಆಗುತ್ತದೆ. ಸಮವಸ್ತ್ರದವರನ್ನು ಸಮವಸ್ತ್ರದವರೇ ಹಿಡಿದು ಹಾಕಿದರೆ ಅದು ಅವರ ಮನೆಯೊಳಗಿನ ವಿಷಯ ಅಂತ ಬಿಟ್ಟುಬಿಡುತ್ತೇವೆ. ಹಾಗೆ ಬಿಡಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ನೀವೇನು ಹೇಳುತ್ತೀರಿ?

ಹಳೇಬೂಟು:

ಒಳ್ಳೆಯ ವಿಷಯ ಎತ್ತಿದ್ದೀರಿ. ಸೇನೆಯಲ್ಲಿ ಇದ್ದು ಬಂದವನು ನಾನು. ಆ ಕಡೆಯಿಂದ ಎರಡು ಮಾತು.

ಕಿರಿಯ ಅಧಿಕಾರಿಗಳು ದಂಗೆ ಎದ್ದರೆ ಅವರಿಗೆ ಮೊದಲ ಭಯ ಜನರದ್ದಲ್ಲ, ವಿರೋಧ ಪಕ್ಷದ್ದೂ ಅಲ್ಲ. ಮೇಜರ್, ಕರ್ನಲ್ ದರ್ಜೆಯವರದ್ದು. ನಿನ್ನೆಯವರೆಗೆ ಇವರು ಸೆಲ್ಯೂಟ್ ಹೊಡೆಯುತ್ತಿದ್ದ ಮನುಷ್ಯ ಬ್ಯಾರಕ್ಸಿಗೆ ಬಂದು "ಆಯುಧ ಕೆಳಗಿಡಿ" ಅಂದರೆ ಅರ್ಧ ಜವಾನರು ಇಟ್ಟುಬಿಡಬಹುದು. ಆ ಅಭ್ಯಾಸ ಒಂದು ರಾತ್ರಿಯಲ್ಲಿ ಹೋಗುವಂಥದ್ದಲ್ಲ. ಆದ್ದರಿಂದ ಹಿರಿಯರನ್ನು ಅವರ ಜವಾನರಿಂದ ದೂರ ಮಾಡಬೇಕು. ಗ್ಯಾಂಬಿಯಾದಲ್ಲಿ ಸೇನೆ ತೀರಾ ಚಿಕ್ಕದು, ಸಾವಿರದ ಆಸುಪಾಸು ಅಷ್ಟೇ. ಎಲ್ಲರಿಗೂ ಎಲ್ಲರೂ ಗೊತ್ತು. ಯಾರ ಮಾತು ಎಲ್ಲಿ ನಡೆಯುತ್ತದೆ ಅನ್ನುವುದೂ ಗೊತ್ತು.

ಇನ್ನೊಂದು. ಆ ಹುಡುಗರ ಕೋಪಕ್ಕೆ ಕಾರಣವೇ ಇರಲಿಲ್ಲ ಅಂತ ಯಾರೂ ಹೇಳಬೇಡಿ. ಲೈಬೀರಿಯಾದ ಶಾಂತಿಪಾಲನೆಗೆ ಹೋಗಿ ಬಂದವರಿಗೆ ಭತ್ಯೆ ಸರಿಯಾಗಿ ಸಿಕ್ಕಿರಲಿಲ್ಲ. ಬ್ಯಾರಕ್ಸುಗಳ ಸ್ಥಿತಿ ಕೆಟ್ಟಿತ್ತು. ಮೇಲಿನ ಹುದ್ದೆಗಳಲ್ಲಿ ನೈಜೀರಿಯಾದಿಂದ ಬಂದ ಅಧಿಕಾರಿಗಳು ಕೂತಿದ್ದರು. ನಮ್ಮ ಸೇನೆಗೆ ನಮ್ಮವರೇ ದಂಡನಾಯಕರಾಗಬಾರದಾ ಅನ್ನುವ ಸಿಟ್ಟು ಒಳಗೊಳಗೇ ಇತ್ತು.

ಇಷ್ಟೆಲ್ಲಾ ಒಪ್ಪಿದ ಮೇಲೂ ಒಂದು ಮಾತು ಹೇಳಲೇಬೇಕು. ಬ್ರಿಟಿಷ್ ಪದ್ಧತಿಯಲ್ಲಿ ಬೆಳೆದ ಸೇನೆಗಳಲ್ಲಿ ಸೈನಿಕನನ್ನು ಕಾವಲಿನಲ್ಲಿಟ್ಟರೆ ಅದಕ್ಕೊಂದು ಕ್ರಮ ಇರುತ್ತದೆ. ಯಾಕೆ ಹಿಡಿದಿದ್ದೀರಿ ಅಂತ ಬರೆದು ಕೊಡಬೇಕು. ಕಮಾಂಡಿಂಗ್ ಆಫೀಸರ್ ಬೇಗ ವಿಚಾರಿಸಬೇಕು. ತಡವಾದರೆ ಯಾಕೆ ತಡ ಅಂತ ಮೇಲಿನವರಿಗೆ ಬರೆಯಬೇಕು. ಸೇನೆಯಲ್ಲಿ ಹಕ್ಕು ಕಡಿಮೆ ಅಂತ ಹೊರಗಿನವರು ತಿಳಿದಿರುತ್ತಾರೆ. ಆದರೆ ಕಾಗದದ ಶಿಸ್ತು ಅಲ್ಲಿ ಜಾಸ್ತಿ. ಜಾಮೆ ಮತ್ತು ಸಂಗಡಿಗರು ಮುರಿದಿದ್ದು ಜವಾರಾನ ಸಂವಿಧಾನವನ್ನು ಮಾತ್ರ ಅಲ್ಲ, ತಾವು ಕಲಿತು ಬಂದ ಸೇನೆಯ ಕಾನೂನನ್ನೂ ಮುರಿದರು. ಇದನ್ನು ಸಿವಿಲಿಯನ್ನರು ಗಮನಿಸುವುದಿಲ್ಲ, ಸೈನಿಕರು ಮರೆಯುವುದಿಲ್ಲ.

ರಾತ್ರಿಪಾಳಿ:

ನೀಲಿಶಾಯಿ ಅವರೇ, ಸ್ವಲ್ಪ ಒರಟಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಧಿಕಾರ ಹಿಡಿದ ಮೊದಲ ವಾರ ಹಿರಿಯರನ್ನು ಹೊರಗೆ ಬಿಟ್ಟಿದ್ದರೆ ಅವರು ತಿರುಗಿ ದಂಗೆ ಏಳ್ತಿರಲಿಲ್ವಾ? ಆಗ ಬೀದಿಯಲ್ಲಿ ಗುಂಡು ಹಾರ್ತಿತ್ತು, ಸಾಮಾನ್ಯ ಜನ ಸಾಯ್ತಿದ್ದರು. ಕೆಲವರನ್ನು ಕೂಡಿಹಾಕಿದ್ದರಿಂದ ರಕ್ತಪಾತ ತಪ್ಪಿತು ಅಂತಲೂ ಹೇಳಬಹುದು ಅಲ್ವಾ? ಬಂಧನವೇ ತಪ್ಪು ಅಂತ ಹೇಳ್ತಿದ್ದೀರೋ, ಆರೋಪ ಇಲ್ಲದ್ದು ತಪ್ಪು ಅಂತ ಹೇಳ್ತಿದ್ದೀರೋ?

ನೀಲಿಶಾಯಿ:

ಬೇಜಾರು ಯಾಕೆ, ಕೇಳಬೇಕಾದ ಪ್ರಶ್ನೆಯೇ. ಚುನಾಯಿತ ಸರ್ಕಾರವನ್ನು ಬಂದೂಕಿನಿಂದ ಇಳಿಸಿದವರಿಗೆ ಯಾರನ್ನೂ ಬಂಧಿಸುವ ಹಕ್ಕಿಲ್ಲ ಅನ್ನುವುದು ನನ್ನ ಮೊದಲ ಉತ್ತರ. ಆದರೆ ಅದನ್ನು ಬದಿಗಿಟ್ಟು ನಿಮ್ಮ ದಾರಿಯಲ್ಲೇ ಬರುತ್ತೇನೆ. ಮೊದಲ ವಾರ ಗಲಾಟೆ ಆಗಬಾರದು ಅಂತ ಹಿಡಿದರು ಅಂದುಕೊಳ್ಳೋಣ. ಹಾಗಾದರೆ ಎರಡನೇ ತಿಂಗಳಲ್ಲಿ ಏನಾಯಿತು ನೋಡಿ.

1994ರ ಸೆಪ್ಟೆಂಬರ್ ಆರಂಭದಲ್ಲಿ ಒಂದು ರಾತ್ರಿ, ಜಾಮೆ ಮತ್ತು ಸಂಗಡಿಗರು ದೇಶ ಆಳಲು ಮಾಡಿಕೊಂಡಿದ್ದ ಸೇನಾ ಆಡಳಿತ ಮಂಡಳಿಯ ಸದಸ್ಯರು ತಮ್ಮ ಸೈನಿಕರನ್ನು ಕರೆದುಕೊಂಡು ಮೈಲ್ ಟು ಜೈಲಿಗೆ ಬಂದರು. ಬಂಧಿತ ಅಧಿಕಾರಿಗಳನ್ನು ಹೊರಗೆಳೆದು ಹೊಡೆದರು. ಈಗ ಕೊಲ್ಲುತ್ತೇವೆ ಅಂತ ಗುಂಡಿಕ್ಕುವ ನಾಟಕ ಆಡಿದರು. ಇದನ್ನು ಅನುಭವಿಸಿದವರೇ 25 ವರ್ಷ ಕಳೆದ ಮೇಲೆ ಆಯೋಗದ ಮುಂದೆ, ಟಿವಿ ಕ್ಯಾಮೆರಾಗಳ ಎದುರಿಗೆ ಹೇಳಿದ್ದಾರೆ. ಆ ಹೊತ್ತಿಗೆ ದೇಶ ಪೂರ್ತಿ ಅವರ ಕೈಯಲ್ಲಿತ್ತು. ಬಂಧಿತರ ಬಳಿ ಆಯುಧ ಇರಲಿಲ್ಲ, ಜವಾನರಿರಲಿಲ್ಲ. ಯಾವ ರಕ್ತಪಾತ ತಪ್ಪಿಸುವುದಕ್ಕೆ ಆ ರಾತ್ರಿಯ ನಾಟಕ?

ಆರೋಪ ಹೊರಿಸಿದ್ದರೆ ಅದು ನಡೆಯುತ್ತಲೇ ಇರಲಿಲ್ಲ ಅಂತ ಹೇಳಲಾರೆ. ಆದರೆ ಯಾವ ನ್ಯಾಯಾಲಯದ ಪುಸ್ತಕದಲ್ಲೂ ಹೆಸರಿಲ್ಲದ ಮನುಷ್ಯನನ್ನು ಹೊಡೆಯುವುದು ಬಹಳ ಸುಲಭ. ನಾಳೆ ಬೆಳಿಗ್ಗೆ ಇವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಮುಖದ ಮೇಲಿನ ಗಾಯ ಅವರಿಗೆ ಕಾಣುತ್ತದೆ ಅನ್ನುವ ಅಂಜಿಕೆಯೇ ಇಲ್ಲ.

ಕಾನೂನುಕನ್ನಡಕ:

ಕಾನೂನಿನ ಕಡೆಯಿಂದ ಇದು ಇನ್ನೂ ಕೆಟ್ಟದ್ದು. ಇವರು ಕಾನೂನು ಇಲ್ಲದೆ ಹಿಡಿಯಲಿಲ್ಲ. ಹಿಡಿಯುವುದಕ್ಕೆ ಒಂದು ಕಾನೂನನ್ನೇ ಮಾಡಿಕೊಂಡರು.

ಮಂಡಳಿ ಹೊರಡಿಸಿದ 3ನೇ ಡಿಕ್ರಿ (ಕಾನೂನಿನ ಬಲ ಇರುವ ಆದೇಶ) ಇದೆಯಲ್ಲ, ಅದರ ಹೆಸರಲ್ಲೇ ಸೇನೆ ಮತ್ತು ಪೊಲೀಸ್ ಸಿಬ್ಬಂದಿಯ ಬಂಧನ ಅಂತ ಇದೆ. ದೇಶದ ಭದ್ರತೆಗಾಗಿ ಅಂತ ಹೇಳಿ ಯಾರನ್ನು ಬೇಕಾದರೂ ಆರೋಪ ಇಲ್ಲದೆ ಆರು ತಿಂಗಳವರೆಗೆ ಇಟ್ಟುಕೊಳ್ಳಬಹುದು. ಆರು ತಿಂಗಳು ಮುಗಿದರೆ ಮತ್ತೆ ಮುಂದುವರಿಸಬಹುದು. ಎಷ್ಟು ಸಲ ಅನ್ನುವುದಕ್ಕೆ ಮಿತಿಯೇ ಇಲ್ಲ. ಈ ಅಧಿಕಾರ ಒಳಾಡಳಿತ ಸಚಿವರ ಕೈಗೆ ಬಂತು. ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ದಾರಿಯನ್ನೂ ಮುಚ್ಚಿದರು. ಅಂದರೆ "ನನ್ನ ಗಂಡನನ್ನು ಎಲ್ಲಿಟ್ಟಿದ್ದೀರಿ, ಯಾಕೆ ಇಟ್ಟಿದ್ದೀರಿ, ಕೋರ್ಟಿಗೆ ತಂದು ತೋರಿಸಿ" ಅಂತ ಹೆಂಡತಿ ಕೇಳುವ ಹಾಗೂ ಇಲ್ಲ.

ಪದಚ್ಯುತ ಜವಾರಾ ಇದನ್ನೂ ಇನ್ನೂ ಹಲವು ವಿಷಯಗಳನ್ನೂ ಮಾನವ ಹಕ್ಕುಗಳ ಆಫ್ರಿಕನ್ ಆಯೋಗಕ್ಕೆ ಒಯ್ದರು. ತೀರ್ಪು ಬಂದಿದ್ದು 2000ದ ಮೇ ತಿಂಗಳಲ್ಲಿ. ಆ ಆಯೋಗ ಜಾರಿ ಮಾಡುವ ಮಾನವ ಹಕ್ಕುಗಳ ಒಪ್ಪಂದವಾದ ಆಫ್ರಿಕನ್ ಸನ್ನದಿನ 6ನೇ ವಿಧಿ ಹೇಳುವುದು ಇಷ್ಟು: ಮೊದಲೇ ಕಾನೂನಿನಲ್ಲಿ ಹೇಳಿರುವ ಕಾರಣಕ್ಕೆ ಹೊರತು ಯಾರ ಸ್ವಾತಂತ್ರ್ಯವನ್ನೂ ಕಸಿಯುವ ಹಾಗಿಲ್ಲ, ಮನಬಂದಂತೆ ಬಂಧಿಸುವ ಹಾಗಿಲ್ಲ. ಗ್ಯಾಂಬಿಯಾ ಸರ್ಕಾರ ಇದರಲ್ಲಿ "ಕಾನೂನಿನಲ್ಲಿ ಹೇಳಿರುವ" ಅನ್ನುವುದನ್ನು ಹಿಡಿದುಕೊಂಡಿತು. ಡಿಕ್ರಿ ಕಾನೂನೇ ತಾನೆ, ಅದರಂತೆ ಹಿಡಿದೆವು ಅಂತ ವಾದ. ಆಯೋಗ ಒಪ್ಪಲಿಲ್ಲ. ದೇಶದೊಳಗೆ ಒಂದು ಆದೇಶ ಬರೆದುಕೊಂಡು ಸನ್ನದು ಕೊಟ್ಟ ಹಕ್ಕನ್ನು ಇಲ್ಲವಾಗಿಸುವುದಕ್ಕೆ ಬರುವುದಿಲ್ಲ, ಯಾರನ್ನಾದರೂ ಆರೋಪ ಇಲ್ಲದೆ ಇಟ್ಟುಕೊಳ್ಳಬಹುದು ಅನ್ನುವ ಡಿಕ್ರಿ 6ನೇ ವಿಧಿಯ ಉಲ್ಲಂಘನೆಯೇ ಅಂತ ಹೇಳಿತು.

ತುರ್ತು ಪರಿಸ್ಥಿತಿ ಅನ್ನುವ ನೆಪಕ್ಕೂ ಇಲ್ಲಿ ಜಾಗ ಇಲ್ಲ. ಬೇರೆ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ತುರ್ತು ಸಮಯಕ್ಕೆ ಕೆಲವು ಹಕ್ಕುಗಳನ್ನು ತಡೆಹಿಡಿಯಲು ಅವಕಾಶ ಕೊಡುವ ವಿಧಿ ಇರುತ್ತದೆ. ಆಫ್ರಿಕನ್ ಸನ್ನದಿನಲ್ಲಿ ಅಂಥ ವಿಧಿ ಇಲ್ಲ. ಚಾಡ್ ದೇಶದ ಪ್ರಕರಣದಲ್ಲಿ ಆಯೋಗ ಇದನ್ನು 1995ರಲ್ಲೇ ಸ್ಪಷ್ಟವಾಗಿ ಹೇಳಿತ್ತು.

ನನ್ನನ್ನು ತುಂಬಾ ಕಾಡುವುದು ಜಾಗದ ವಿಷಯ. ಈ ಸನ್ನದನ್ನು ಜನ ಬಂಜುಲ್ ಸನ್ನದು ಅಂತಲೇ ಕರೆಯುತ್ತಾರೆ, ಯಾಕೆಂದರೆ ಅದರ ಕರಡು ಸಿದ್ಧವಾಗಿದ್ದು ಬಂಜುಲ್‌ನಲ್ಲಿ. ಆಯೋಗದ ಕಚೇರಿ ಇರುವುದೂ 1989ರಿಂದ ಬಂಜುಲ್‌ನಲ್ಲೇ. ಮನಬಂದಂತೆ ಬಂಧಿಸಬಾರದು ಅಂತ ಇಡೀ ಖಂಡಕ್ಕೆ ಹೇಳುವ ಕಚೇರಿಯೂ ಆ ಅಧಿಕಾರಿಗಳು ಕೂತಿದ್ದ ಜೈಲೂ ಒಂದೇ ಊರಿಗೆ ಸೇರಿದವು.

ರಾತ್ರಿಪಾಳಿ:

ಸರ್, ಡಿಕ್ರಿ ವಿಷಯ ನನಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್. ಆದರೆ ಟರ್ಕಿ ಬಗ್ಗೆ ಏನ್ ಹೇಳ್ತೀರಿ? 2016ರ ಜುಲೈ 15ರಂದು ಅಲ್ಲಿ ದಂಗೆ ಸೋತಿತು. ಚುನಾಯಿತ ಸರ್ಕಾರವೇ ಉಳಿಯಿತು. ಸಂಸತ್ತಿನ ಮೇಲೆ ಬಾಂಬ್ ಹಾಕಿದ್ದರು, 250ಕ್ಕೂ ಹೆಚ್ಚು ಜನ ಸತ್ತಿದ್ದರು. ಅಂಥ ಹೊತ್ತಲ್ಲಿ ಅಧಿಕಾರಿಗಳನ್ನು ಹಿಡಿಯೋದು ಬೇಡ್ವಾ?

ಕಾನೂನುಕನ್ನಡಕ:

ಹಿಡಿಯಬೇಕು. ಅಲ್ಲಿ ಅಪರಾಧ ನಡೆದಿತ್ತು, ಹಿಡಿಯುವ ಅಧಿಕಾರ ಇರುವ ಸರ್ಕಾರವೂ ಇತ್ತು. ಗ್ಯಾಂಬಿಯಾಗೂ ಟರ್ಕಿಗೂ ಅದೇ ದೊಡ್ಡ ವ್ಯತ್ಯಾಸ, ಒಪ್ಪುತ್ತೇನೆ. ಆದರೆ ಟರ್ಕಿ ಕೂಡ ಏನು ಮಾಡಿತು? ದಂಗೆ ನಡೆದ ಎರಡು ವಾರದೊಳಗೆ 149 ಜನರಲ್ ಮತ್ತು ಅಡ್ಮಿರಲ್‌ಗಳನ್ನು ಸೇನೆಯಿಂದ ತೆಗೆದುಹಾಕಿತು. ತುರ್ತು ಆದೇಶ ಹೊರಡಿಸಿ ಆರೋಪ ಇಲ್ಲದೆ ಇಟ್ಟುಕೊಳ್ಳುವ ಅವಧಿಯನ್ನು 30 ದಿನಕ್ಕೆ ಏರಿಸಿತು. ಮೊದಲ ದಿನಗಳಲ್ಲಿ ವಕೀಲರನ್ನು ನೋಡುವುದಕ್ಕೂ ತಡೆ ಹಾಕಬಹುದಿತ್ತು. ಹೊಡೆತದ ಗುರುತುಗಳಿದ್ದ ಅಧಿಕಾರಿಗಳ ಚಿತ್ರಗಳು ಅದೇ ವಾರ ಸರ್ಕಾರಿ ಮಾಧ್ಯಮದಲ್ಲೇ ಬಂದವು. 2017ರ ಜನವರಿಯಲ್ಲಿ ಆ ಅವಧಿಯನ್ನು 7 ದಿನಕ್ಕೆ ಇಳಿಸಿ, ಬೇಕಾದರೆ ಇನ್ನೊಂದು 7 ದಿನ ಅಂತ ಮಾಡಿದರು. 30 ದಿನ ಬೇಕೇ ಬೇಕಿತ್ತು ಅಂದಿದ್ದವರು ಆರು ತಿಂಗಳಲ್ಲಿ ತಾವೇ ಇಳಿಸಿದರಲ್ಲ, ಅದನ್ನು ಗಮನಿಸಿ.

ದಂಗೆ ಮಾಡಿದ ಕರ್ನಲ್‌ಗೂ, ಎಲ್ಲಿಗೆ ಹೋಗುತ್ತಿದ್ದೇವೆ ಅಂತಲೇ ಗೊತ್ತಿಲ್ಲದೆ ಟ್ರಕ್ ಹತ್ತಿದ ಕೆಡೆಟ್‌ಗೂ ವ್ಯತ್ಯಾಸ ಗೊತ್ತಾಗುವುದು ಹೇಗೆ? ಪ್ರತಿಯೊಬ್ಬನ ಹೆಸರಿನ ಮುಂದೆ ಅವನು ಏನು ಮಾಡಿದ ಅಂತ ಬರೆಯಲು ಕೂತಾಗ ಮಾತ್ರ. ಆರೋಪ ಬರೆಯುವ ಕೆಲಸ ಹಿಡಿದವರನ್ನೇ ಯೋಚಿಸುವಂತೆ ಮಾಡುತ್ತದೆ.

ಅಂಗಳದಮಲ್ಲಿಗೆ:

ಇಷ್ಟು ಹೊತ್ತು ಓದುತ್ತಾ ಇದ್ದೆ. ಚಿಲಿಯ ಒಂದು ಪ್ರಕರಣವನ್ನು ಇಲ್ಲಿ ಇಡಲೇಬೇಕು ಅನ್ನಿಸಿತು.

ಆಲ್ಬರ್ಟೋ ಬಾಚೆಲೆಟ್ ಚಿಲಿಯ ವಾಯುಪಡೆಯಲ್ಲಿ ಬ್ರಿಗೇಡಿಯರ್ ಜನರಲ್. ಅಧ್ಯಕ್ಷ ಅಯೆಂದೆ ಅವರ ಸರ್ಕಾರದಲ್ಲಿ ಆಹಾರ ಹಂಚಿಕೆಯ ಹೊಣೆ ಹೊತ್ತಿದ್ದರು. 1973ರ ಸೆಪ್ಟೆಂಬರ್ 11ರಂದು ಪಿನೋಚೆಟ್ ಮತ್ತು ಉಳಿದ ಸೇನಾ ಮುಖ್ಯಸ್ಥರು ಅಧಿಕಾರ ಹಿಡಿದರು. ಬಾಚೆಲೆಟ್ ಅವರನ್ನು ಅದೇ ದಿನ ಅವರ ಕಚೇರಿಯಲ್ಲೇ ಬಂಧಿಸಿದರು. ಬಿಟ್ಟರು, ಮತ್ತೆ ಹಿಡಿದರು. ವಾಯುಪಡೆಯ ಯುದ್ಧ ಅಕಾಡೆಮಿಯನ್ನೇ ವಿಚಾರಣಾ ಕೇಂದ್ರ ಮಾಡಿಕೊಂಡಿದ್ದರು. ಅಧಿಕಾರಿಗಳು ಪಾಠ ಕಲಿಯುವ ಜಾಗದಲ್ಲಿ ಅಧಿಕಾರಿಗಳಿಗೆ ಚಿತ್ರಹಿಂಸೆ. ಹಿಂಸೆ ಕೊಟ್ಟವರು ಅವರದೇ ಪಡೆಯವರು, ಅವರ ಕೈಕೆಳಗೆ ಇದ್ದವರು. 1974ರ ಮಾರ್ಚ್ 12ರಂದು ಸಾಂತಿಯಾಗೋದ ಜೈಲಿನಲ್ಲಿ ಹೃದಯ ನಿಂತು ತೀರಿಕೊಂಡರು. 50 ವರ್ಷ ವಯಸ್ಸು.

ಅವರ ಮಗಳು ಮಿಶೆಲ್ ಬಾಚೆಲೆಟ್. ಅವರನ್ನೂ ಅವರ ತಾಯಿಯನ್ನೂ 1975ರಲ್ಲಿ ರಹಸ್ಯ ಕೇಂದ್ರದಲ್ಲಿ ಕೂಡಿಹಾಕಿದ್ದರು. ಮುಂದೆ ಆಕೆ ಅದೇ ದೇಶದ ರಕ್ಷಣಾ ಸಚಿವೆ ಆದರು, ಎರಡು ಸಲ ಅಧ್ಯಕ್ಷೆ ಆದರು. ತಂದೆಗೆ ಹಿಂಸೆ ಕೊಟ್ಟ ಇಬ್ಬರು ನಿವೃತ್ತ ಕರ್ನಲ್‌ಗಳಿಗೆ ಶಿಕ್ಷೆ ಆಗಿದ್ದು 2014ರಲ್ಲಿ. 40 ವರ್ಷ!

ಇಲ್ಲಿ ಒಂದು ತೊಡಕಿದೆ. ಚಿಲಿಯಲ್ಲಿ ಆರೋಪ ಇತ್ತು. ವಾಯುಪಡೆಯ ಯುದ್ಧ ನ್ಯಾಯಾಲಯದಲ್ಲಿ ಬಾಚೆಲೆಟ್ ಮತ್ತು ಇತರರ ಮೇಲೆ ಕೇಸು ದಾಖಲಾಗಿತ್ತು. ದೇಶದ್ರೋಹ, ದಂಗೆ ಅಂತೆಲ್ಲಾ ಬರೆದಿದ್ದರು. ಹಿಂಸೆ ಕೊಟ್ಟು ಪಡೆದ ಹೇಳಿಕೆಗಳ ಮೇಲೆ ಎಷ್ಟೋ ಜನರಿಗೆ ಶಿಕ್ಷೆ ಆಯಿತು. ಅಂದಮೇಲೆ ಆರೋಪ ಹೊರಿಸಿಬಿಟ್ಟರೆ ನ್ಯಾಯ ಸಿಕ್ಕಿತು ಅಂತ ಹೇಗೆ ಹೇಳುವುದು?

ನೀಲಿಶಾಯಿ:

ಅಕ್ಕ, ನಿಮ್ಮ ಪ್ರಶ್ನೆ ಓದಿ ತುಂಬಾ ಯೋಚನೆಗೆ ಬಿದ್ದೆ. ಸುಳ್ಳು ಆರೋಪಕ್ಕಿಂತ ಆರೋಪ ಇಲ್ಲದಿರುವುದೇ ವಾಸಿ ಅಂತಲೂ ಯಾರಾದರೂ ವಾದಿಸಬಹುದು.

ಆದರೆ ಆ ಕೇಸಿಗೆ ಮುಂದೆ ಏನಾಯಿತು ನೋಡಿ. ಆ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದ ಕೆಲವು ವಾಯುಪಡೆ ಸೈನಿಕರು ಬಿಡಲಿಲ್ಲ, ಅಂತರ ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2015ರಲ್ಲಿ ಆ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. 2016ರಲ್ಲಿ ಚಿಲಿಯ ಸುಪ್ರೀಂ ಕೋರ್ಟ್ ಹಳೆಯ ಶಿಕ್ಷೆಗಳನ್ನು ರದ್ದು ಮಾಡಿತು. ಅಷ್ಟು ವರ್ಷ ದೇಶದ್ರೋಹಿ ಅನ್ನಿಸಿಕೊಂಡವರು ಹಾಗಲ್ಲ ಅಂತ ಅದೇ ದೇಶದ ಅತಿ ದೊಡ್ಡ ಕೋರ್ಟು ಹೇಳಿತು. ರದ್ದು ಮಾಡಲು ಒಂದು ಕೇಸ್ ನಂಬರ್ ಇತ್ತು, ತೀರ್ಪು ಇತ್ತು, ಸಹಿ ಮಾಡಿದವರ ಹೆಸರಿತ್ತು.

ಮೈಲ್ ಟುನಲ್ಲಿ ಕೂತಿದ್ದವರ ವಿಷಯದಲ್ಲಿ ಏನನ್ನು ರದ್ದು ಮಾಡುವುದು? ಅವರ ಮೇಲೆ ಹೊರಿಸಿದ್ದೇ ಏನೂ ಇಲ್ಲ. ನೀವು ನಿರಪರಾಧಿ ಅಂತ ಹೇಳಲು ಯಾವ ಕೋರ್ಟಿಗೂ ದಾರಿ ಇಲ್ಲ. ಬಿಡುಗಡೆ ಆಗಿ ಹೊರಗೆ ಬಂದರೂ ಜನ ಕೇಳುತ್ತಾರೆ, ಸುಮ್ನೆ ಯಾರಾದರೂ ಅಷ್ಟು ದಿನ ಒಳಗಿಡುತ್ತಾರಾ, ಏನೋ ಇದ್ದೇ ಇರಬೇಕು ಅಂತ. ಅದಕ್ಕೆ ಅವನು ಏನನ್ನು ತೋರಿಸಬೇಕು? ಸತ್ಯಶೋಧನಾ ಆಯೋಗದ ಮುಂದೆ ಆ ಹಿರಿಯರು ಅಷ್ಟು ವಿವರವಾಗಿ, ಗಂಟೆಗಟ್ಟಲೆ ಮಾತಾಡಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಅವರ ಕೈಯಲ್ಲಿದ್ದ ದಾಖಲೆ ಅವರ ಮಾತು ಮಾತ್ರ.

ಅಂಗಳದಮಲ್ಲಿಗೆ:

ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಒಪ್ಪಿದೆ. ಆದರೆ ಒಂದು ಷರತ್ತು. ಆರೋಪ ಹೊರಿಸಿದರೆ ಸಾಲದು, ಅದನ್ನು ಕೇಳುವ ನ್ಯಾಯಾಧೀಶ ಹಿಡಿದವನ ಕೈಕೆಳಗಿನವನಾಗಿರಬಾರದು.

ಹಳೇಬೂಟು:

ಮೇಡಂ ಹೇಳಿದ್ದು ಸರಿ. ನಾನು ಈ ವಿಷಯವನ್ನು ಹಿಡಿಸಿಕೊಂಡವನ ಕಡೆಯಿಂದ ಅಲ್ಲ, ಹೊರಗೆ ಉಳಿದ ಸೇನೆಯ ಕಡೆಯಿಂದ ನೋಡಿ ಒಂದು ಉದಾಹರಣೆ ಕೊಡುತ್ತೇನೆ. ನೈಜೀರಿಯಾ, 1966.

ಜನವರಿ 15ರಂದು ಕೆಲವು ಮೇಜರ್‌ಗಳು ದಂಗೆ ಎದ್ದು ಪ್ರಧಾನಿಯನ್ನೂ ಉತ್ತರದ ನಾಯಕನನ್ನೂ ಹಿರಿಯ ಸೇನಾಧಿಕಾರಿಗಳನ್ನೂ ಕೊಂದರು. ದಂಗೆ ಅರ್ಧಕ್ಕೆ ನಿಂತಿತು, ಅಧಿಕಾರ ಜನರಲ್ ಐರನ್ಸಿ ಕೈಗೆ ಬಂತು. ಅವರು ಆ ಮೇಜರ್‌ಗಳನ್ನು ಜೈಲಿಗೆ ಹಾಕಿದರು. ಆದರೆ ವಿಚಾರಣೆ ನಡೆಸಲಿಲ್ಲ. ಇವತ್ತು, ನಾಳೆ ಅಂತ ತಿಂಗಳುಗಳು ಹೋದವು. ದಕ್ಷಿಣದ ಕೆಲವರಿಗೆ ಅವರು ವೀರರು, ಶಿಕ್ಷೆ ಕೊಟ್ಟರೆ ಅಲ್ಲಿ ಗಲಾಟೆ. ಉತ್ತರದವರಿಗೆ ಕೊಲೆಗಾರರು, ಶಿಕ್ಷೆ ಕೊಡದಿದ್ದರೆ ಅಲ್ಲಿ ಗಲಾಟೆ. ಐರನ್ಸಿ ಯಾವುದನ್ನೂ ಮಾಡಲಿಲ್ಲ.

ಕೋರ್ಟ್ ಮಾರ್ಷಲ್ ನಡೆಯದ ಜಾಗವನ್ನು ಗಾಳಿಮಾತು ತುಂಬಿತು. ಅವರಿಗೆ ಜೈಲಿನಲ್ಲೂ ಸಂಬಳ ಹೋಗುತ್ತಿದೆ, ಇಡೀ ಸಂಚಿನಲ್ಲಿ ಐರನ್ಸಿಯೂ ಇದ್ದಾನೆ ಅಂತೆಲ್ಲಾ ಉತ್ತರದ ಜವಾನರ ನಡುವೆ ಮಾತು ಹಬ್ಬಿತು. ನಿಜವೋ ಸುಳ್ಳೋ ಹೇಳುವುದಕ್ಕೆ ತೆರೆದ ವಿಚಾರಣೆಯೇ ಇಲ್ಲ. ಜುಲೈ 29ರಂದು ಅವರೇ ತಿರುಗಿಬಿದ್ದರು, ಇಬಾದಾನ್‌ನಲ್ಲಿ ಐರನ್ಸಿಯನ್ನು ಹಿಡಿದು ಕೊಂದರು. ಮುಂದಿನ ವರ್ಷ ಬಿಯಾಫ್ರಾ ಯುದ್ಧ, ಅಂದರೆ ನೈಜೀರಿಯಾದ ಅಂತರ್ಯುದ್ಧ. ಯುದ್ಧಕ್ಕೆ ನೂರು ಕಾರಣ ಇದ್ದವು. ಆದರೆ ಜುಲೈ ದಂಗೆಗೆ ಆ ನಡೆಯದ ವಿಚಾರಣೆ ಒಂದು ಮುಖ್ಯ ಕಾರಣ.

ಇಲ್ಲಿ ಒಳಗಿದ್ದವರು ನಿಜವಾಗಿಯೂ ತಪ್ಪು ಮಾಡಿದವರು. ಹಾಗಿದ್ದೂ ಆರೋಪ ಹೊರಿಸದೆ ಇಟ್ಟಿದ್ದರಿಂದ ಸೇನೆ ಒಳಗಿಂದಲೇ ಕೊಳೆಯಿತು. ರಾತ್ರಿಪಾಳಿ ಅವರೇ, ನೀವು ಕೇಳಿದ್ದಿರಲ್ಲ, ಕೂಡಿಹಾಕಿದ್ದರಿಂದ ರಕ್ತಪಾತ ತಪ್ಪಲಿಲ್ವಾ ಅಂತ. ನೈಜೀರಿಯಾದಲ್ಲಿ ತಪ್ಪಲಿಲ್ಲ.

ರಾತ್ರಿಪಾಳಿ:

ಗ್ಯಾಂಬಿಯಾದಲ್ಲಿ?

ನೀಲಿಶಾಯಿ:

ಅಲ್ಲೂ ತಪ್ಪಲಿಲ್ಲ. 1994ರ ನವೆಂಬರ್ 11ಕ್ಕೆ ಬನ್ನಿ.

ಆ ರಾತ್ರಿ ಪ್ರತಿದಂಗೆ ನಡೆಯಲಿದೆ ಅನ್ನುವ ಸುಳಿವು ಸಿಕ್ಕಿತು ಅಂತ ಜಾಮೆಯ ಕಡೆಯವರು ಯುಂಡುಮ್ ಮತ್ತು ಫಜಾರಾ ಬ್ಯಾರಕ್ಸ್‌ಗಳಿಗೆ ನುಗ್ಗಿದರು. ಲೆಫ್ಟಿನೆಂಟ್ ಬಸಿರು ಬ್ಯಾರೋ ಮತ್ತು ಇತರರನ್ನು ಜೀವಂತ ಹಿಡಿದರು. ಕಾದಾಟದಲ್ಲಿ ಸತ್ತರು ಅಂತ ಸರ್ಕಾರ ಹೇಳಿತು. ಹಿಡಿದ ಮೇಲೆ ಕೊಂದರು ಅಂತ ಸತ್ಯಶೋಧನಾ ಆಯೋಗ ಕಂಡುಕೊಂಡಿತು. ಕೆಲವರನ್ನು ಬ್ಯಾರಕ್ಸಿನಲ್ಲೇ, ಇನ್ನು ಕೆಲವರನ್ನು ನ್ಯಾಂಬೈ ಕಾಡಿಗೆ ಒಯ್ದು ಗುಂಡಿಕ್ಕಿದರು. ಕನಿಷ್ಠ 11 ಜನ. ಆರೋಪ ಇಲ್ಲದೆ ಹಿಡಿಯಬಹುದು ಅಂತ ಜುಲೈನಲ್ಲಿ ಶುರುವಾಗಿದ್ದು ನಾಲ್ಕೇ ತಿಂಗಳಲ್ಲಿ ವಿಚಾರಣೆ ಇಲ್ಲದೆ ಕೊಲ್ಲಬಹುದು ಅನ್ನುವ ತನಕ ಬಂದಿತ್ತು.

ಆಮೇಲೆ ನಡೆದಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಆರೋಪ ಇಲ್ಲದೆ ಬಂಧಿಸುವ ಅಧಿಕಾರ ಒಳಾಡಳಿತ ಸಚಿವರ ಕೈಯಲ್ಲಿತ್ತು ಅಂತ ಕಾನೂನುಕನ್ನಡಕ ಅವರು ಹೇಳಿದರಲ್ಲ. ಆ ಸಚಿವ ಸಾದಿಬು ಹೈದರಾ. ಮಂಡಳಿಯ ಉಪಾಧ್ಯಕ್ಷ ಸನಾ ಸಬಾಲಿ. 1995ರ ಜನವರಿ 27ರಂದು ಜಾಮೆ ಇವರಿಬ್ಬರನ್ನೂ ಹಿಡಿಸಿದ. ತನ್ನನ್ನು ಕೊಲ್ಲುವ ಸಂಚು ಮಾಡಿದರು ಅಂತ ಕಾರಣ ಹೇಳಿದ. ಇಬ್ಬರನ್ನೂ ಅದೇ ಮೈಲ್ ಟುಗೆ ಹಾಕಿದರು. ಹೈದರಾ ಅದೇ ಜೂನ್‌ನಲ್ಲಿ ಬಂಧನದಲ್ಲೇ ಸತ್ತ. ರಕ್ತದೊತ್ತಡದಿಂದ ಸತ್ತ ಅಂತ ಸರ್ಕಾರ ಪ್ರಕಟಿಸಿತು. ಒಳಗೆ ಅವನಿಗೆ ಕೊಟ್ಟ ಹಿಂಸೆ ಎಂಥದ್ದು ಅನ್ನುವುದು ಆಯೋಗದ ಮುಂದೆ ಸಾಕ್ಷಿಗಳ ಬಾಯಲ್ಲಿ ಹೊರಬಂತು. ಸಬಾಲಿಗೆ ಕೋರ್ಟ್ ಮಾರ್ಷಲ್ ಆಗಿ 9 ವರ್ಷ ಶಿಕ್ಷೆ ಆಯಿತು.

ಇದನ್ನು ಓದಿ "ಮಾಡಿದ್ದುಣ್ಣೋ ಮಹರಾಯ" ಅಂತ ಯಾರಾದರೂ ಹೇಳಿಯಾರು. ನಾನು ಹೇಳುವುದಿಲ್ಲ. ಹೈದರಾ ಬೇರೆಯವರಿಗೆ ಮಾಡಿದ್ದು ಘೋರ. ಅವನಿಗೂ ಆರೋಪಪಟ್ಟಿ, ವಕೀಲ, ನ್ಯಾಯಾಧೀಶ ಸಿಗಬೇಕಿತ್ತು. ಸಿಕ್ಕಿದ್ದರೆ ನವೆಂಬರ್ ಕೊಲೆಗಳ ಬಗ್ಗೆ ಅವನಿಂದ ಉತ್ತರ ಪಡೆಯುವ ಅವಕಾಶ ಸತ್ತವರ ಮನೆಯವರಿಗೆ ಉಳಿಯುತ್ತಿತ್ತು. ಸಬಾಲಿ ಬದುಕಿದ್ದಕ್ಕೇ 2019ರಲ್ಲಿ ಆಯೋಗದ ಮುಂದೆ ಕೂತು ಆ ಕೊಲೆಗಳಲ್ಲಿ ತನ್ನ ಪಾತ್ರ ಒಪ್ಪಿಕೊಂಡ. ಜೈಲಿನಲ್ಲಿ ತನಗೆ ಕೊಟ್ಟ ಹಿಂಸೆಯನ್ನೂ ಹೇಳಿದ. ಎರಡೂ ಒಂದೇ ಬಾಯಲ್ಲಿ.

ಹೊಸಓದುಗ:

ಮೊದಲ ಸಲ ಬರೆಯುತ್ತಿದ್ದೇನೆ. ಇಷ್ಟೆಲ್ಲಾ ಓದಿ ಒಂದೇ ಪ್ರಶ್ನೆ. ಆ ಕುಟುಂಬಗಳಿಗೆ ಕೊನೆಗೆ ಏನಾದರೂ ಸಿಕ್ಕಿತೇ? ಬಂಧನದಲ್ಲಿದ್ದವರಿಗೆ ಪರಿಹಾರ? ಹಿಡಿದವರಿಗೆ ಶಿಕ್ಷೆ?

ಕಾನೂನುಕನ್ನಡಕ:

ಸ್ವಾಗತ. ಸ್ವಲ್ಪ ಸಿಕ್ಕಿದೆ, ತುಂಬಾ ಬಾಕಿ ಇದೆ.

ನವೆಂಬರ್ 11ರ ಸೈನಿಕರ ಅಸ್ಥಿಗಳನ್ನು 2019ರಲ್ಲಿ ಯುಂಡುಮ್ ಬ್ಯಾರಕ್ಸಿನ ನೆಲ ಅಗೆದು ಹೊರತೆಗೆದರು. 2023ರ ಜನವರಿಯಲ್ಲಿ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ಮಾಡಿದರು. ಕುಟುಂಬಗಳು 28 ವರ್ಷ ಕಾದಿದ್ದವು.

ಪರಿಹಾರಕ್ಕೆ ಅಂತ ಜಾಮೆಯ ಆಸ್ತಿ ಮಾರಿ ಬಂದ ಹಣದಲ್ಲಿ 5 ಕೋಟಿ ದಲಾಸಿಯನ್ನು (ದಲಾಸಿ ಗ್ಯಾಂಬಿಯಾದ ನಾಣ್ಯ) ಸರ್ಕಾರ ಸತ್ಯಶೋಧನಾ ಆಯೋಗಕ್ಕೆ ಕೊಟ್ಟಿತು. 2023ರಲ್ಲಿ ಸಂತ್ರಸ್ತರ ಪರಿಹಾರಕ್ಕೆ ಪ್ರತ್ಯೇಕ ಕಾನೂನೂ ಬಂತು.

ಶಿಕ್ಷೆಯ ವಿಷಯ ಕಷ್ಟದ್ದು. 1997ರಲ್ಲಿ ಜಾರಿಗೆ ಬಂದ ಸಂವಿಧಾನ ಬಂಧಿತರನ್ನು 72 ಗಂಟೆಯೊಳಗೆ ಕೋರ್ಟಿಗೆ ತರಬೇಕು ಅನ್ನುತ್ತದೆ. ಒಳ್ಳೆಯದು. ಆದರೆ ಅದೇ ಸಂವಿಧಾನದ ಕೊನೆಯ ಅನುಸೂಚಿಯಲ್ಲಿ ಸೇನಾ ಮಂಡಳಿಯ ಸದಸ್ಯರ ಮೇಲೆ ಮೊಕದ್ದಮೆ ಹೂಡುವ ಹಾಗಿಲ್ಲ ಅಂತ ರಕ್ಷಣೆ ಕೊಟ್ಟುಕೊಂಡಿದ್ದಾರೆ. 1995ರಲ್ಲಿ ಹಣಕಾಸು ಸಚಿವ ಉಸ್ಮಾನ್ ಕೊರೋ ಸೀಸೇ ಅವರ ಕೊಲೆ ನಡೆದಿತ್ತಲ್ಲ, ಆ ಪ್ರಕರಣದಲ್ಲಿ ಮಂಡಳಿಯ ಸದಸ್ಯ ಯಾಂಕುಬಾ ಟೂರೇ ಈ ರಕ್ಷಣೆಯನ್ನು ಮುಂದಿಟ್ಟ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆ ಜುಲೈನಲ್ಲಿ ಕೋರ್ಟ್ ಅವನಿಗೆ ಮರಣದಂಡನೆ ವಿಧಿಸಿತು. ಆ ತೀರ್ಪಿನಿಂದ ಒಂದು ಬಾಗಿಲು ತೆರೆದಿದೆ.

ಸರ್ಕಾರ 2022ರ ಮೇನಲ್ಲಿ ಆಯೋಗದ ಬಹುತೇಕ ಶಿಫಾರಸುಗಳನ್ನು ಒಪ್ಪಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಎಕೋವಾಸ್ ಗ್ಯಾಂಬಿಯಾಕ್ಕಾಗಿ ವಿಶೇಷ ನ್ಯಾಯಮಂಡಳಿ ರಚಿಸಲು ಒಪ್ಪಿತು. ಜಾಮೆ 2017ರ ಜನವರಿಯಲ್ಲಿ ಈಕ್ವಟೋರಿಯಲ್ ಗಿನಿಗೆ ಹೋಗಿ ಸೇರಿಕೊಂಡಿದ್ದಾನೆ. ಅವನನ್ನು ಕರೆತರುವುದೇ ದೊಡ್ಡ ಕೆಲಸ.

ಬರೀ ಬಂಧನದ ವಿಷಯ ಕೇಳಿದಿರಿ. ನ್ಯಾಯಮಂಡಳಿ ಶುರುವಾದರೆ ಎಲ್ಲರ ಕಣ್ಣೂ ಕೊಲೆ ಪ್ರಕರಣಗಳ ಮೇಲೆ ಇರುತ್ತದೆ. 1994ರ ಬಂಧನಗಳನ್ನು, ಆ ಸೆಪ್ಟೆಂಬರ್ ರಾತ್ರಿಯನ್ನು ಪ್ರತ್ಯೇಕ ಅಪರಾಧವಾಗಿ ತೆಗೆದುಕೊಳ್ಳಬೇಕು ಅಂತ ನಾನು ಬಯಸುತ್ತೇನೆ. ಆ ಅಧಿಕಾರಿಗಳಿಗೆ ಈಗ ವಯಸ್ಸಾಗಿದೆ, ಸಾಕ್ಷಿ ಹೇಳುವವರು ಒಬ್ಬೊಬ್ಬರೇ ಕಡಿಮೆಯಾಗುತ್ತಾರೆ. ಆಯೋಗದ ಮುಂದೆ ಅವರು ಹೇಳಿದ್ದೆಲ್ಲಾ ದಾಖಲಾಗಿದೆ. ಅಭಿಯೋಜಕರು ಆರೋಪ ಬರೆಯಲು ಕೂತರೆ ಅಲ್ಲಿಂದಲೇ ಶುರು ಮಾಡಬಹುದು.